ಒಂದು, ಅನೇಕ, ಮತ್ತು ಕಿಟಕಿಯ ಹೊರಗೆ

ಬಾಲ್ಯದ ನೆನಪು ಎಲ್ಲದಕ್ಕೂ ಒಂದಿಷ್ಟು ಸಿಹಿಯನ್ನು ಲೇಪಿಸುತ್ತದೆ. ಕಳೆದ ಬೇಸಿಗೆಯಲ್ಲಿ ತವರಿಗೆ ಬಂದಿದ್ದ ನನ್ನ ಮಗಳು ತನ್ನ ಆರು ವರ್ಷದ ಮಗನಿಗೆ ಊಟ ಬಡಿಸುತ್ತ ಹಳೆಯ ಹಾಡೊಂದನ್ನು ಗುನುಗುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಕಾರ್ಟೂನು ಚಿತ್ರವೊಂದರ ಹಾಡು ಅದು. ‘ಅಂಥವು ಈಗೆಲ್ಲಿವೆ, ಅಪ್ಪಾ?’ ಎಂದು ಕೇಳಿದಳು.

ಚಿತ್ರದ ಹೆಸರು ‘ಏಕ್ ಅನೇಕ್ ಔರ್ ಏಕತಾ’. 1974ರಲ್ಲಿ ತಯಾರಾದ, ಸುಮಾರು 7 ನಿಮಿಷಗಳ ಹಿಂದಿ ಚಿತ್ರ. ನಿರ್ದೇಶನ ವಿಜಯಾ ಮುಳೆಯವರದು. ಚಿತ್ರಗಳಿಗೆ ಚಲನೆಯಿತ್ತವರು ಭೀಮಸೇನರು. ಸಂಗೀತ ವಸಂತ ದೇಸಾಯಿಯವರದು. ಶ್ರೇಷ್ಠ ಶೈಕ್ಷಣಿಕ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ‘ಅನೇಕ’ವೆಂದರೇನೆಂದು ತಮ್ಮ ಕೇಳುತ್ತಾನೆ. ಅಕ್ಕ ಆಕಾಶವನ್ನು ತೋರಿಸುತ್ತಾಳೆ, ಬಳಿಕ ಬಲೆಗೆ ಸಿಕ್ಕ ಹಕ್ಕಿಗಳ ಕಥೆ ಹೇಳುತ್ತಾಳೆ. ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಹೊತ್ತು ಹಾರುತ್ತವೆ. ಇಲಿಗಳು ಬಲೆಯನ್ನು ಕಡಿದು ಬಿಡಿಸುತ್ತವೆ. ಪಂಚತಂತ್ರವನ್ನು ಬಲ್ಲವರಿಗೆ ಚಿತ್ರಗ್ರೀವನೂ ಹಿರಣ್ಯಕನೂ ಇಲ್ಲಿ ನೆನಪಾಗದಿರರು. ಹಿಂದಿಯ ಗಂಧವೂ ಇಲ್ಲದ ನಮ್ಮ ಬೀದಿಯ ಮಕ್ಕಳಿಗೆ ಆ ಚಿತ್ರಗಳೇ ಭಾಷೆಯಾದವು.

ದೂರದರ್ಶನವು ಮೊದಲು ನಮ್ಮ ಹಳ್ಳಿಗಳಿಗೆ ಬಂದದ್ದೇ ಪಾಠ ಹೇಳಲೆಂದು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಮಕ್ಕಳ ಕಾರ್ಯಕ್ರಮಗಳಿಗಾಗಿ ವಿಜಯಾ ಮುಳೆಯವರೂ ಅಲ್ಲಿ ದುಡಿದರು. ಶಾಲೆಯಂಥ ಸಾರ್ವಜನಿಕ ಸ್ಥಳದಲ್ಲಿ, ಊರಿಗೊಂದು ಪೆಟ್ಟಿಗೆ. ಅದು ಯಾರೊಬ್ಬರ ಮನೆಯದೂ ಆಗಿರಲಿಲ್ಲ.

ಮುಂದೆ ಪೆಟ್ಟಿಗೆ ನಮ್ಮಂಥವರ ನಡುಮನೆಗೆ ಬಂದಿತು. 1988ರಲ್ಲಿ ನಮ್ಮ ಬೀದಿಯಲ್ಲಿ ಅದನ್ನು ಮೊದಲು ಕೊಂಡವನು ನಾನು. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದರು. ಕಾರ್ಯಕ್ರಮಗಳ ನಡುವೆ ಈ ಚಿತ್ರ ಬಂದರೆ ಎಲ್ಲರೂ ಕೂಡಿ ಹಾಡುತ್ತಿದ್ದರು. ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದಾಕೆಯ ಮಗಳು ಮಾತ್ರ ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿರುತ್ತಿದ್ದಳು. ಒಳಗೆ ಬರಬೇಡವೆಂದು ನಾನು ಎಂದೂ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ತರಗತಿಯಲ್ಲಿ ವಚನಗಳನ್ನು ಬೋಧಿಸುತ್ತಿದ್ದ ನನಗೆ, ಹಕ್ಕಿಗಳೆಲ್ಲ ಕೂಡಿ ಬಲೆಯನ್ನೆತ್ತುವುದನ್ನು ನೋಡುತ್ತಿದ್ದಾಗಲೂ, ಆ ಕಿಟಕಿ ಕಾಣಲಿಲ್ಲ.

ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳಿಗೂ ಈ ಹಾಡು ಪೂರ್ತಿ ಬರುತ್ತಿತ್ತು, ಅಪ್ಪಾ. ಹಿತ್ತಿಲ ಕೊಳಾಯಿಯ ಹತ್ತಿರ ನಾವಿಬ್ಬರೂ ಹಾಡುತ್ತಿದ್ದೆವು’ ಎಂದಳು. ಅದು ನನಗೆ ತಿಳಿದಿರಲಿಲ್ಲ.

ಅಂದಿನ ಚಿತ್ರಗಳು ಇಂದಿನವಕ್ಕಿಂತ ಮೇಲೋ ಕೀಳೋ, ನಾನು ಹೇಳಲಾರೆ. ಪಾಠವಂತೂ ಮಕ್ಕಳನ್ನು ತಲುಪಿತ್ತು. ತಲುಪದೆ ಉಳಿದವನು ಮೇಷ್ಟರೇ. ಈಗ ಮೊಮ್ಮಗ ಅದೇ ಚಿತ್ರವನ್ನು ಅಂಗೈಯಗಲದ ಫೋನಿನಲ್ಲಿ ಒಬ್ಬನೇ ನೋಡುತ್ತಾನೆ. ಆ ಸಂಜೆ ನಾನು ಎದ್ದುಹೋಗಿ ಪಕ್ಕದ ಮನೆಯ ಮಕ್ಕಳನ್ನು ಕರೆದೆ. ಅಲ್ಲೇ ಆಡುತ್ತಿದ್ದ ಕಾವಲುಗಾರನ ಮಗನನ್ನೂ ಕರೆದೆ. ತಡವಾಯಿತು, ನಿಜ.