ಕ್ಯಾಮರಾವನ್ನು ಪೂರ್ತಿಯಾಗಿ ದುಡಿಸಿಕೊಳ್ಳೋಣ

(ಯುವಕ ರೈತರ ತಿಂಗಳ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಒಡ್ಡುಗಳ ವಿಷಯ ಮಾತನಾಡತಕ್ಕ ಗ್ರಾಮಸೇವಕನು ಈ ದಿನ ಕೊರಳಿಗೆ ಕ್ಯಾಮರಾ ಹಾಕಿಕೊಂಡು ಬಂದುದನ್ನು ಕಂಡು ನಿಮ್ಮಲ್ಲಿ ಕೆಲವರು ನಕ್ಕಿರಿ. ನಗುವುದು ನ್ಯಾಯವೇ. ಮದುವೆಯ ಮನೆಯಲ್ಲಿ ಕಾಣುವ ಸಾಧನಕ್ಕೂ ಮೆಣಸಿನಕಾಯಿಯ ಹೊಲಕ್ಕೂ ಏನು ಸಂಬಂಧ ಎಂದು ಹೋದ ವರ್ಷದವರೆಗೆ ನಾನೂ ಎಣಿಸಿದ್ದೆ.

ಈ ಕ್ಯಾಮರಾ ನನ್ನದಲ್ಲ. ಇಲ್ಲಿಯೇ ಕುಳಿತಿರುವ ಯುವಕರೊಬ್ಬರದು. ಮದುವೆಗಳಲ್ಲಿ ಚಿತ್ರ ತೆಗೆದು ನಾಲ್ಕು ಕಾಸು ಗಳಿಸಲೆಂದು ಸಾಲ ಮಾಡಿ ಕೊಂಡದ್ದು. ಮದುವೆಯ ಕಾಲ ಮುಗಿದರೆ ಅದು ಟ್ರಂಕು ಸೇರುತ್ತಿತ್ತು. ಹೊರಗೆ ಬಂದಾಗಲೂ ಅದರ ಮೇಲಿನ ಚಕ್ರ 'ಆಟೋ' ಎಂಬ ಒಂದೇ ಗುರುತಿನ ಮೇಲೆ ನಿಂತಿರುತ್ತಿತ್ತು. ಟ್ರ್ಯಾಕ್ಟರನ್ನು ಕೊಂಡು ಅದರಲ್ಲಿ ನೀರಿನ ಕೊಡ ಮಾತ್ರ ಸಾಗಿಸಿದಂತೆ! ಇರುವ ಸಾಧನವನ್ನು ಪೂರ್ತಿಯಾಗಿ ದುಡಿಸಿಕೊಳ್ಳುವುದು ಹೇಗೆ, ಅದರಿಂದ ನಮ್ಮ ಬೆಳೆಗೆ ಏನು ಉಪಕಾರ ಎಂಬುದೇ ಇಂದಿನ ಮಾತು.

ನನ್ನ ತಪ್ಪು

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಹೋದ ವರ್ಷ ಈ ಯುವಕರ ದೊಡ್ಡಪ್ಪನವರ ಮೆಣಸಿನ ಗಿಡಗಳಲ್ಲಿ ಎಲೆ ಮುಟುರು ಕಾಣಿಸಿಕೊಂಡಿತು. ಯುವಕರು ಇದೇ ಕ್ಯಾಮರಾದಿಂದ ಒಂದು ಚಿತ್ರ ತೆಗೆದು ನನ್ನ ಫೋನಿಗೆ ಕಳುಹಿಸಿದರು. ನೋಡಲು ಬಲು ಸೊಗಸಾದ ಚಿತ್ರ. ಆದರೆ ಮಟಮಟ ಮಧ್ಯಾಹ್ನ, ಮೇಲಿನಿಂದ ತೆಗೆದದ್ದು. ಎಲೆಯ ಬೆನ್ನು ಬಿಸಿಲಿಗೆ ಬೆಳ್ಳಗಾಗಿತ್ತು. ಒಂದು ಅಂಚು ಮಾತ್ರ ನಿಚ್ಚಳವಾಗಿ, ಉಳಿದದ್ದೆಲ್ಲ ಮಂಜಾಗಿತ್ತು. ನಾನು ಹೊಲಕ್ಕೆ ಹೋಗದೆ, ಚಿತ್ರವನ್ನು ನೋಡಿಯೇ 'ಇದು ಥ್ರಿಪ್ಸ್ ನುಸಿ' ಎಂದು ಹೇಳಿ ಔಷಧಿ ಬರೆದುಕೊಟ್ಟೆ. ಎರಡು ಸಲ ಸಿಂಪಡಿಸಿದರು. ರೋಗ ಇಳಿಯಲಿಲ್ಲ, ಏರಿತು. ಆಗ ಆ ಹಿರಿಯರು ನನ್ನನ್ನು ಕಂಡು, "ಸಾಹೇಬ್ರ, ಫೋಟೋದಾಗ ಎಲಿ ಚೆಂದ ಬಂದೈತ್ರಿ, ಹೊಲದಾಗ ಗಿಡ ಚೆಂದ ಇಲ್ರಿ" ಎಂದರು. ಆ ಮಾತು ನನ್ನ ಮನಸ್ಸಿಗೆ ನಾಟಿತು.

ಮರುದಿನ ಭೂತಗನ್ನಡಿ ಹಿಡಿದು ಹೊಲಕ್ಕೆ ಹೋದೆ. ಎಲೆಯ ಕೆಳಗೆ ಇದ್ದದ್ದು ಥ್ರಿಪ್ಸ್ ಅಲ್ಲ, ಮೈಟ್. ನಾವು ಎರಡನ್ನೂ ನುಸಿ ಎಂದೇ ಕರೆಯುತ್ತೇವೆ; ಎರಡರಿಂದಲೂ ಎಲೆ ಮುದುಡುತ್ತದೆ. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ. ಅದು ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಿಸಿ ದೋಣಿಯಂತಾಗುತ್ತದೆ. ಬೆಳೆದ ಮೈಟಿಗೆ ಎಂಟು ಕಾಲು. ಅದು ಜೇಡದ ಕುಲದ್ದು. ಅದು ಹೀರಿದರೆ ಅಂಚು ಕೆಳಕ್ಕೆ ಮಡಿಸುತ್ತದೆ, ಎಲೆಯ ತೊಟ್ಟು ಉದ್ದವಾಗುತ್ತದೆ. ಥ್ರಿಪ್ಸಿನ ಔಷಧಿಗಳೆಲ್ಲ ಮೈಟಿಗೆ ನಾಟುವುದಿಲ್ಲ. ಕೆಲವಂತೂ ಮೈಟನ್ನು ತಿನ್ನುವ ಉಪಕಾರಿ ಜೀವಿಗಳನ್ನೇ ಕೊಂದು ಮೈಟು ಹೆಚ್ಚಲು ದಾರಿ ಮಾಡಿಕೊಡುತ್ತವೆ. ಹೀಗೆ ಎರಡು ಸಿಂಪಡಣೆಯ ಹಣ, ಆಳಿನ ಕೂಲಿ, ಬೆಳೆಯ ಒಂದು ಪಾಲು ಹೋದವು. ತಪ್ಪು ಕ್ಯಾಮರಾದ್ದಲ್ಲ. ಅರೆಬರೆ ಚಿತ್ರವನ್ನು ನಂಬಿದ ನನ್ನದು.

ಅಂದಿನಿಂದ ನಾನೂ ಆ ಯುವಕರೂ ಸೇರಿ ಕ್ಯಾಮರಾದ ಒಂದೊಂದು ಗುಂಡಿಯನ್ನೂ ಹೊಲದಲ್ಲಿಯೇ ಕಲಿತೆವು. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕನ್ನಡಿಯಿಲ್ಲದ ಕ್ಯಾಮರಾ ಎಂದರೇನು?

ಇದನ್ನು ಮಿರರ್‌ಲೆಸ್ ಎನ್ನುತ್ತಾರೆ, ಅಂದರೆ ಕನ್ನಡಿಯಿಲ್ಲದ್ದು. ಅದಕ್ಕಿಂತ ಮುಂಚಿನ ದೊಡ್ಡ ಕ್ಯಾಮರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇದ್ದು, ಬೆಳಕನ್ನು ಕಣ್ಣಿಡುವ ಕಿಂಡಿಯ ಕಡೆಗೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಸರಿದು, ಬೆಳಕು ಹಿಂದಿನ ಫಲಕಕ್ಕೆ ಬೀಳುತ್ತದೆ. 2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಜಿ1 ಎಂಬ ಕ್ಯಾಮರಾ ಬಂದಾಗ, ಲೆನ್ಸು ಬದಲಾಯಿಸುವ ಸೌಕರ್ಯ ಉಳಿದು ಕನ್ನಡಿ ಹೋಯಿತು. 2018ರಲ್ಲಿ ನಿಕಾನ್, ಕ್ಯಾನನ್ ಕಂಪನಿಗಳೂ ದೊಡ್ಡ ಫಲಕದ ಇಂಥ ಕ್ಯಾಮರಾಗಳನ್ನು ಹೊರತಂದವು.

ಕನ್ನಡಿ ಹೋದುದರಿಂದ ನಮಗೇನು ಲಾಭ? ಫಲಕದ ಮೇಲೆ ಬಿದ್ದ ಬೆಳಕೇ ಕಿಂಡಿಯೊಳಗಿನ ಪುಟ್ಟ ಪರದೆಯ ಮೇಲೆ ಚಿತ್ರವಾಗಿ ಕಾಣುತ್ತದೆ. ಚಿತ್ರ ಕಪ್ಪಾದೀತೇ, ಬಿಳಿಚಿಕೊಂಡೀತೇ ಎಂಬುದು ಗುಂಡಿ ಒತ್ತುವ ಮೊದಲೇ ತಿಳಿಯುತ್ತದೆ. ಕೆಲವು ಕ್ಯಾಮರಾಗಳಲ್ಲಿ ಇದನ್ನು ಪಟ್ಟಿಯೊಳಗೆ ಹೋಗಿ ಚಾಲು ಮಾಡಿಕೊಳ್ಳಬೇಕು. ಈ ಒಂದು ಗುಣವನ್ನು ತಿಳಿದುಕೊಂಡರೆ ಉಳಿದ ಪಾಠಗಳೆಲ್ಲ ಸುಲಭ.

ಹೊಲದಲ್ಲಿ ಕಲಿಯಬೇಕಾದ ಪಾಠಗಳು

1. ಬೆಳಕನ್ನು ತಿದ್ದುವುದು. ಕ್ಯಾಮರಾ ತಾನಾಗಿಯೇ ಎಲ್ಲವನ್ನೂ ನಡುಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಹತ್ತಿಯನ್ನು ಬೂದಿಬಣ್ಣ ಮಾಡುತ್ತದೆ. ನಮ್ಮ ಎರೆ ಮಣ್ಣನ್ನು ಬೆಳ್ಳಗೆ ಮಾಡುತ್ತದೆ. ಅದಕ್ಕೆ ಕೂಡು ಮತ್ತು ಕಳೆ ಗುರುತುಗಳ ಒಂದು ಗುಂಡಿ ಇದೆ. ಅರಳಿದ ಹತ್ತಿ ಚೌಕಟ್ಟನ್ನು ತುಂಬಿದ್ದರೆ ಒಂದು ಹೆಜ್ಜೆ ಕೂಡಿರಿ. ಎರೆ ಮಣ್ಣೇ ಹೆಚ್ಚಾಗಿದ್ದರೆ ಒಂದು ಹೆಜ್ಜೆ ಕಳೆಯಿರಿ. ಕಿಂಡಿಯಲ್ಲಿ ನೋಡಿ ಸರಿಮಾಡಿಕೊಳ್ಳಿರಿ. ಬಿಸಿಲಿನಲ್ಲಿ ಬೆನ್ನಿನ ಪರದೆ ಸರಿಯಾಗಿ ಕಾಣುವುದಿಲ್ಲ. ಆಗ ಕಿಂಡಿಗೆ ಕಣ್ಣಿಡಿರಿ. ಹಿಸ್ಟೋಗ್ರಾಮ್ ಎಂಬ ಸಣ್ಣ ಗುಡ್ಡದ ಗೆರೆಯೂ ಅಲ್ಲಿ ಕಾಣುತ್ತದೆ. ಗುಡ್ಡ ಬಲಗಡೆಯ ಗೋಡೆಗೆ ಒರಗಿ ನಿಂತಿದ್ದರೆ ಬಿಳಿಯ ಭಾಗದ ವಿವರ ಅಳಿಸಿಹೋಗಿದೆ ಎಂದು ತಿಳಿಯಿರಿ. ನನಗೆ ಮೋಸವಾದದ್ದು ಅಲ್ಲಿಯೇ.

2. ಕಣ್ಣು ಎಲ್ಲಿ ನಿಲ್ಲಬೇಕೆಂದು ಹೇಳುವುದು. ಆಟೋದಲ್ಲಿ ಬಿಟ್ಟರೆ ಕ್ಯಾಮರಾ ಅನೇಕ ವೇಳೆ ಹತ್ತಿರದ ಕಳೆಯನ್ನೋ ಮುಂದಿನ ಎಲೆಯನ್ನೋ ಹಿಡಿಯುತ್ತದೆ. ಫೋಕಸಿನ ಚೌಕವನ್ನು ಅತಿ ಚಿಕ್ಕದು ಮಾಡಿ ರೋಗವಿರುವ ಜಾಗದ ಮೇಲೆಯೇ ಇರಿಸಿರಿ. ತೀರ ಹತ್ತಿರ ಹೋದಾಗ ಕೈಯಿಂದಲೇ ಫೋಕಸ್ ಮಾಡುವುದು ಉತ್ತಮ. ಕಿಂಡಿಯ ಚಿತ್ರವನ್ನು ದೊಡ್ಡದು ಮಾಡಿ ನೋಡುವ ಗುಂಡಿ ಇದೆ. ನಿಚ್ಚಳವಾದ ಅಂಚುಗಳಿಗೆ ಕೆಂಪು ಅಥವಾ ಹಳದಿ ಗೆರೆ ಹಚ್ಚಿ ತೋರಿಸುವ ಪೀಕಿಂಗ್ ಎಂಬ ಸೌಕರ್ಯವೂ ಇದೆ. ಬಹುಮಂದಿ ಕೊಂಡವರು ಇವೆರಡನ್ನೂ ಮುಟ್ಟಿಯೇ ಇರುವುದಿಲ್ಲ.

3. ಎಲೆಯನ್ನು ಫಲಕಕ್ಕೆ ಸಮವಾಗಿ ಹಿಡಿಯುವುದು. ಮ್ಯಾಕ್ರೋ ಲೆನ್ಸಿನಿಂದ ವಸ್ತುವನ್ನು ಫಲಕದ ಮೇಲೆ ಅದರ ನಿಜವಾದ ಗಾತ್ರದಲ್ಲಿಯೇ ಮೂಡಿಸಿದರೆ, ಎಫ್ 8ರಲ್ಲಿಯೂ ನಿಚ್ಚಳವಾಗುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಎಲೆ ಓರೆಯಾದರೆ ಅರ್ಧ ಮಂಜಾಗುವುದು ಖಂಡಿತ. ಆದುದರಿಂದ ಎಲೆಯ ತಳವು ಕ್ಯಾಮರಾದ ಬೆನ್ನಿಗೆ ಸಮನಾಗಿರಲಿ. ಕೆಲವು ಕ್ಯಾಮರಾಗಳು ಫೋಕಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹತ್ತಾರು ಚಿತ್ರ ತೆಗೆಯುತ್ತವೆ. ಅವನ್ನು ಕೂಡಿಸಿದರೆ ಪೂರ್ತಿ ನಿಚ್ಚಳವಾದ ಒಂದು ಚಿತ್ರವಾಗುತ್ತದೆ. ಆದರೆ ಗಾಳಿ ನಿಂತಿರಬೇಕು, ಕ್ಯಾಮರಾ ಸ್ಟ್ಯಾಂಡಿನ ಮೇಲಿರಬೇಕು.

4. ಗಾಳಿಯನ್ನು ಗೆಲ್ಲುವುದು. ಕೈ ನಡುಕವನ್ನು ತಡೆಯುವ ಏರ್ಪಾಡು ಕ್ಯಾಮರಾದ ಒಳಗೋ ಲೆನ್ಸಿನಲ್ಲೋ ಇರಬಹುದು. ಅದು ನಿಮ್ಮ ಕೈಯನ್ನು ನಿಲ್ಲಿಸೀತು, ಗಿಡವನ್ನು ನಿಲ್ಲಿಸಲಾರದು. ಗಿಡ ಅಲ್ಲಾಡುತ್ತಿದ್ದರೆ ಶಟರಿನ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಏರಿಸಿರಿ. ಬೆಳಕು ಸಾಲದಿದ್ದರೆ ಐ.ಎಸ್.ಓ. ಸಂಖ್ಯೆಯನ್ನು 400, 800 ಎಂದು ಹೆಚ್ಚಿಸಿರಿ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಂಡರೂ ಚಿಂತೆಯಿಲ್ಲ. ಅಲುಗಿದ ಚಿತ್ರದಿಂದ ಏನೂ ತಿಳಿಯದು. ಇವೆಲ್ಲಕ್ಕಿಂತ ಮೇಲು, ಬೆಳಗಿನ ಹೊತ್ತು ಗಾಳಿ ಏಳುವ ಮೊದಲೇ ಹೋಗುವುದು.

5. ಎಲೆಯ ತಳವನ್ನು ನೋಡುವುದು. ಅನೇಕ ಕ್ಯಾಮರಾಗಳ ಬೆನ್ನಿನ ಪರದೆಯನ್ನು ಹೊರಕ್ಕೆ ಮಡಿಸಬಹುದು. ಕ್ಯಾಮರಾವನ್ನು ನೆಲದ ಹತ್ತಿರ ಹಿಡಿದು, ನೀವು ಕುಳಿತೇ ಪರದೆಯನ್ನು ನೋಡುತ್ತ, ಎಲೆಯನ್ನು ಮುರಿಯದೆ ಅದರ ತಳದ ಚಿತ್ರ ತೆಗೆಯಬಹುದು. ಮದುವೆಯಲ್ಲಿ ಈ ಪರದೆಯನ್ನು ಜನರ ತಲೆಯ ಮೇಲಿಂದ ತೆಗೆಯಲು ಬಳಸುತ್ತಾರೆ. ನಮಗೆ ಬೇಕಾದದ್ದು ಕೆಳಗಿನಿಂದ.

6. ಬಣ್ಣವನ್ನು ಕಟ್ಟಿಹಾಕುವುದು. ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಬಣ್ಣ ತಪ್ಪಿದರೆ ಗೊಬ್ಬರವೂ ತಪ್ಪುತ್ತದೆ. ಬಣ್ಣದ ಹೊಂದಾಣಿಕೆಯನ್ನು ಕ್ಯಾಮರಾದ ಇಷ್ಟಕ್ಕೆ ಬಿಡದೆ, ಬಿಸಿಲಾದರೆ ಬಿಸಿಲಿನ ಗುರುತಿಗೆ, ನೆರಳಾದರೆ ನೆರಳಿನ ಗುರುತಿಗೆ ಇಡಿರಿ. ಎಲೆಯ ಪಕ್ಕದಲ್ಲಿ ಬಿಳಿ ಕಾಗದದ ಒಂದು ತುಂಡು ಇರಲಿ. ಕಾಗದ ಬೆಳ್ಳಗೆ ಕಂಡರೆ ಎಲೆಯ ಬಣ್ಣವನ್ನೂ ನಂಬಬಹುದು.

ಒಂದಲ್ಲ, ಮೂರು ಚಿತ್ರ

ಇಷ್ಟೆಲ್ಲ ಕಲಿತರೂ ಒಂದೇ ಚಿತ್ರದಿಂದ ತೀರ್ಪು ಕೊಡಬಾರದು. ಮೊದಲನೆಯದು ಹೊಲದ ಚಿತ್ರ: ರೋಗ ಬದುವಿನ ಕಡೆಯಿದೆಯೋ, ತಗ್ಗಿನಲ್ಲಿದೆಯೋ, ಎಲ್ಲೆಡೆ ಇದೆಯೋ ತಿಳಿಯಲಿ. ಎರಡನೆಯದು ಇಡೀ ಗಿಡದ ಚಿತ್ರ: ಕೆಟ್ಟದ್ದು ಹೊಸ ಎಲೆಯೋ ಹಳೆಯ ಎಲೆಯೋ ಕಾಣಲಿ. ಮೂರನೆಯದು ಹತ್ತಿರದ ಚಿತ್ರ: ಎಲೆಯ ಮೇಲೆ ಒಂದು, ಕೆಳಗೆ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.

ಗೋವಿನಜೋಳದ ಫಾಲ್ ಸೈನಿಕ ಹುಳುವನ್ನು ನೆನೆಯಿರಿ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಅದರ ತಲೆಯ ಮೇಲೆ ಕವಣೆಯ ಕವೆಯನ್ನು ತಲೆಕೆಳಗು ಮಾಡಿದಂಥ ಬಿಳಿಯ ಗೆರೆ ಇರುತ್ತದೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆಗಳು ಚೌಕವಾಗಿ ಕುಳಿತಿರುತ್ತವೆ. ತಲೆಯದೊಂದು, ಬೆನ್ನಿನದೊಂದು ಚಿತ್ರ ಇದ್ದರೆ ಸಂಶಯಕ್ಕೆ ಎಡೆಯಿಲ್ಲ. ಸುಳಿಯೊಳಗಿನ ಹಿಕ್ಕೆಯ ಚಿತ್ರ ಮಾತ್ರ ಕಳುಹಿಸಿದರೆ, ಹುಳು ಯಾವುದೆಂದು ನಾನು ಹೇಗೆ ಹೇಳಲಿ?

ಇನ್ನೊಂದು ಅಭ್ಯಾಸವನ್ನು ಮಾಡಿಕೊಳ್ಳಿರಿ. ಬದುವಿನಲ್ಲಿ ಒಂದು ಗೂಟ ನೆಟ್ಟು, ಅದರ ಬಳಿ ನಿಂತು, ವಾರಕ್ಕೊಮ್ಮೆ ಅದೇ ಎತ್ತರದಿಂದ ಅದೇ ಕಡೆಗೆ ಒಂದು ಚಿತ್ರ ತೆಗೆಯಿರಿ. ಕ್ಯಾಮರಾದ ತಾರೀಖು, ಗಂಟೆ ಸರಿಯಾಗಿರಲಿ. ಸುಗ್ಗಿಯ ಹೊತ್ತಿಗೆ ಅದು ಬೆಳೆಯ ಜಾತಕವಾಗುತ್ತದೆ.

ಕ್ಯಾಮರಾದ ಎಲ್ಲೆ

ಸಾಧನದ ಎಲ್ಲೆಯನ್ನು ತಿಳಿಯುವುದೂ ಕಲಿಕೆಯ ಭಾಗವೇ. ಸುಮಾರು 23.5 ಮಿಲಿಮೀಟರ್ ಅಗಲದ ಫಲಕದಲ್ಲಿ ಅಡ್ಡಕ್ಕೆ 6,000 ಚುಕ್ಕೆಗಳಿವೆ ಎನ್ನೋಣ. ನಿಜ ಗಾತ್ರದಲ್ಲಿ ತೆಗೆದರೆ ಒಂದು ಮಿಲಿಮೀಟರಿನ ಥ್ರಿಪ್ಸ್ ಸುಮಾರು 250 ಚುಕ್ಕೆಗಳಲ್ಲಿ ಮೂಡುತ್ತದೆ, ಗುರುತು ಸಿಕ್ಕೀತು. ಮೆಣಸಿನ ಹಳದಿ ಮೈಟ್ ಒಂದು ಮಿಲಿಮೀಟರಿನ ಐದರಲ್ಲಿ ಒಂದು ಪಾಲು. ಅದಕ್ಕೆ ಸಿಗುವುದು ಬರೇ 50 ಚುಕ್ಕೆ. ಕ್ಯಾಮರಾ ಕೊಂಡಾಗ ಜೊತೆಗೆ ಬರುವ ಸಾಮಾನ್ಯ ಲೆನ್ಸಿನಲ್ಲಿ ಅದು ಧೂಳಿನ ಕಣ ಮಾತ್ರ. ಅಂಥಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಅಗ್ಗದ ಭೂತಗನ್ನಡಿಯೇ ಮೇಲು. ಆದರೂ ಎಲೆ ಮೇಲಕ್ಕೆ ಮಡಿಸಿದೆಯೋ ಕೆಳಕ್ಕೋ ಎಂಬುದನ್ನು ಒಳ್ಳೆಯ ಚಿತ್ರ ಖಂಡಿತ ಹೇಳುತ್ತದೆ. ನನಗೆ ಅಂದು ಬೇಕಾಗಿದ್ದದ್ದು ಅಷ್ಟೇ.

ಬೆಳೆವಿಮೆಗೆ ಈ ಚಿತ್ರಗಳೇ ಸಾಕೆಂದು ಭಾವಿಸಬೇಡಿರಿ. ಆಲಿಕಲ್ಲು ಬಿದ್ದೋ ನೀರು ನಿಂತೋ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸತಕ್ಕದ್ದು. ಬೆಳೆ ಸಮೀಕ್ಷೆಯ ಚಿತ್ರವನ್ನು ಮೊಬೈಲ್ ಆ್ಯಪಿನಲ್ಲಿಯೇ, ಹೊಲದಲ್ಲಿ ನಿಂತೇ ತೆಗೆಯಬೇಕು. ಕ್ಯಾಮರಾದ ಚಿತ್ರ ಇವಕ್ಕೆ ಬದಲಿಯಲ್ಲ.

ಜೋಪಾನ

ಕನ್ನಡಿ ಇಲ್ಲದ್ದರಿಂದ ಲೆನ್ಸು ಕಳಚಿದ ಕೂಡಲೆ ಅನೇಕ ಕ್ಯಾಮರಾಗಳ ಫಲಕ ಬಯಲಿಗೆ ಬೀಳುತ್ತದೆ. ಕಣದಲ್ಲಿ, ಮೆಣಸಿನಕಾಯಿ ಒಣಹಾಕಿದಲ್ಲಿ, ಔಷಧಿ ಹೊಡೆಯುವಲ್ಲಿ ಲೆನ್ಸು ಬದಲಾಯಿಸಲೇಬಾರದು. ಬದಲಾಯಿಸುವಾಗ ಕ್ಯಾಮರಾದ ಬಾಯಿ ಕೆಳಗೆ ನೋಡುತ್ತಿರಲಿ. ಒಳಗಿನ ಪರದೆಗಳು ಬ್ಯಾಟರಿಯನ್ನು ಬೇಗ ತಿನ್ನುತ್ತವೆ. ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ.

ಕೊನೆಯ ಮಾತು

ಎಲ್ಲ ರೈತರೂ ಇಂಥ ಕ್ಯಾಮರಾ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕಾಗಿ ಸಾಲ ಮಾಡುವುದಂತೂ ಬೇಡವೇ ಬೇಡ. ಊರಿನಲ್ಲಿ ಈಗಾಗಲೇ ಇರುವ ಒಂದು ಕ್ಯಾಮರಾ ಊರಿಗೆಲ್ಲ ಸಾಕು. ನಿಮ್ಮ ಫೋನಿನ ಕ್ಯಾಮರಾಕ್ಕೂ ಈ ಪಾಠಗಳಲ್ಲಿ ಅರ್ಧದಷ್ಟು ಹೊಂದುತ್ತವೆ. ಕ್ಯಾಮರಾ ಉಳ್ಳವರು ವಾರಕ್ಕೆ ಒಂದು ಗುಂಡಿಯನ್ನು ಕಲಿಯಲಿ. ಮೊದಲು 'ನಾನು ಯಾವುದನ್ನು ತಿಳಿಯಬೇಕು?' ಎಂದು ಗಿಡದ ಮುಂದೆ ನಿಂತು ಕೇಳಿಕೊಂಡರೆ, ಯಾವ ಗುಂಡಿ ಬೇಕೆಂಬುದು ತಾನೇ ಹೊಳೆಯುತ್ತದೆ. ಕಳೆ ತೆಗೆಯುವ ತಾಯಂದಿರನ್ನೂ ಕೇಳಿರಿ. ಮುದುಡಿದ ಮೊದಲ ಎಲೆಯನ್ನು ಕಾಣುವವರು ಅನೇಕ ವೇಳೆ ಅವರೇ.

ಈ ಸಲ ಆ ದೊಡ್ಡಪ್ಪನವರ ಹೊಲದಲ್ಲಿ ಹದಿನೈದು ದಿನಗಳ ಹಿಂದೆ ಎರಡು ಸಾಲು ಗಿಡ ಮುದುಡಿದವು. ಯುವಕರು ಮೂರೂ ಬಗೆಯ ಚಿತ್ರ ಕಳುಹಿಸಿದರು. ಅಂಚು ಮೇಲಕ್ಕೆ ಮಡಿಸಿತ್ತು. ಆದರೂ ನಾನು ಔಷಧಿಯ ಹೆಸರು ಹೇಳಲಿಲ್ಲ; ಸೈಕಲ್ ಮೋಟಾರು ಹತ್ತಿ ಹೊಲಕ್ಕೆ ಹೋದೆ. ಹೋಗಿ ನೋಡಿದರೆ ಚಿತ್ರ ನಿಜವನ್ನೇ ಹೇಳಿತ್ತು. ಒಳ್ಳೆಯ ಚಿತ್ರ ಬಂದರೆ ಗ್ರಾಮಸೇವಕ ಬೇಗ ಬಂದಾನು. ಅವನು ಬರುವುದು ತಪ್ಪಬಾರದು. ನಾನು ತಪ್ಪಿಸಿದರೆ ನೀವು ಕರೆದು ಕೇಳಿರಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಹೊಲದ ಮೂರು ಚಿತ್ರ ತರಬೇಕೆಂದು ಕೋರುತ್ತೇನೆ.