ರಜೆ ಮುಗಿಯಿತು, ಮಕ್ಕಳು ಶಾಲೆಗೆ ಮರಳಲಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸಿನ ಮಾತನ್ನು ಈ ಹೊತ್ತು ಬದಿಗಿಡೋಣ. ಜೂನ್ ತಿಂಗಳ ನಡುವಿಗೆ ಮುಂಬಯಿಯ ಶಾಲೆಗಳು ತೆರೆಯುತ್ತವೆ. ಮೇ ತಿಂಗಳಲ್ಲಿ ಊರಿಗೆ ಹೋದ ನಮ್ಮ ಮಕ್ಕಳು ಆ ದಿನ ತರಗತಿಯಲ್ಲಿ ಕೂತಿರುತ್ತಾರೆಯೇ? ಇದೇ ಇಂದಿನ ಪ್ರಶ್ನೆ.

ನಮ್ಮಲ್ಲಿ ಅನೇಕರ ಓದು ನಿಂತದ್ದು ನಪಾಸಾಗಿ ಅಲ್ಲ, ರಜೆಯಲ್ಲಿ. 'ಎರಡು ತಿಂಗಳು ಹೋಟೆಲಿನಲ್ಲಿರಲಿ, ನಾಲ್ಕು ಕಾಸಾಗಲಿ' ಎಂದು ಹಿರಿಯರು ಕಳಿಸಿದರು. ಲೋಟ ತೊಳೆದೆವು, ಮೇಜು ಒರೆಸಿದೆವು. ಕೈಯಲ್ಲಿ ಕಾಸು ಆಡಿತು. ಶಾಲೆ ತೆರೆದಾಗ ಯಾರೂ ಕರೆಯಲಿಲ್ಲ. ಎಂಟು ದಿನ ತಡವಾಯಿತು. ಆಮೇಲೆ ಹೋಗಲು ನಾಚಿಕೆಯಾಯಿತು. ಏಳನೆಯ ತರಗತಿಗೇ ಓದು ಮುಗಿಯಿತು. ಆ ಎಂಟು ದಿನದ ಬೆಲೆ ನಮಗೆ ಗೊತ್ತು.

ಈಗ ಕಾನೂನು ನಮ್ಮ ಮಕ್ಕಳ ಪರವಾಗಿದೆ. 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 2016ರ ತಿದ್ದುಪಡಿ ಸ್ವಂತ ಮನೆತನದ ಉದ್ಯಮದಲ್ಲಿ ರಜೆಯಲ್ಲಿ ಕೈಜೋಡಿಸಲು ಅವಕಾಶ ಕೊಟ್ಟಿದೆ, ನಿಜ. ಆದರೆ ನಾವು ದುಡಿಯುವ ಹೋಟೆಲು ಮಾಲಿಕನದು, ನಮ್ಮ ಮನೆತನದ್ದಲ್ಲ! 2009ರ ಶಿಕ್ಷಣ ಹಕ್ಕಿನ ಕಾನೂನಿನಂತೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ, ಕಡ್ಡಾಯ. ನಡುವೆ ಶಾಲೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ನಾಚಿಕೆಪಡಬೇಕಾದ್ದೇನೂ ಇಲ್ಲ.

ಕಾನೂನು ಶಾಲೆಯ ಬಾಗಿಲು ತೆರೆದೀತು. ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ನಾವೇ. ಊರಿನಿಂದ ಹಿಂದಿರುಗುವ ಟಿಕೆಟನ್ನು ಹೋಗುವಾಗಲೇ ಮಾಡಿಸಿರಬೇಕು. ಮಳೆಗಾಲದಲ್ಲಿ ಕೊಂಕಣ ರೈಲಿನ ಗಾಡಿಗಳು ನಿಧಾನವಾಗಿ ಓಡುತ್ತವೆ. ಶಾಲೆ ತೆರೆಯುವ ಹಿಂದಿನ ದಿನ ಬಂದಿಳಿದರೆ ಮಗುವಿಗೆ ದಣಿವು ಆರುವುದಿಲ್ಲ. ಒಂದು ವಾರವಾದರೂ ಮೊದಲು ಕರೆತನ್ನಿ. ಅಜ್ಜಿಯ ಮನೆಯಲ್ಲಿ ಹೊತ್ತೇರುವ ತನಕ ಮಲಗಿದ ಮಗು ಒಂದೇ ದಿನದಲ್ಲಿ ಬದಲಾಗದು. ದಿನಕ್ಕೆ ಕಾಲು ಗಂಟೆಯಂತೆ ಬೇಗ ಮಲಗಿಸಿ, ಬೇಗ ಎಬ್ಬಿಸಿ. ಮಲಗುವ ಹೊತ್ತಿಗೆ ಮೊಬೈಲ್ ದೂರವಿರಲಿ.

ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳೋಣ. ಹೋಟೆಲು ಮುಚ್ಚಿ ನಾವು ಖೋಲಿಗೆ ಬರುವಾಗ ನಡುರಾತ್ರಿ. ಇರುವುದೊಂದೇ ಕೋಣೆ. ದೀಪ ಹಾಕುತ್ತೇವೆ, ಗಟ್ಟಿಯಾಗಿ ಮಾತಾಡುತ್ತೇವೆ. ಮಗು ಎದ್ದು ಕೂರುತ್ತದೆ. ಇನ್ನು ಮೇಲೆ ಸದ್ದಿಲ್ಲದೆ ಉಣ್ಣೋಣ.

ಮೊದಲ ದಿನಗಳಲ್ಲಿ ಮಗು ಅತ್ತರೆ ಗದರಬೇಡಿ. 'ಪಕ್ಕದಲ್ಲಿ ಯಾರು ಕೂತರು?' ಎಂದು ಕೇಳಿ. ಸಂಜೆ ಅರ್ಧ ಗಂಟೆ ಹಳೆಯ ಪುಸ್ತಕ ಓದಿಸಿ. ಓದು ಬಾರದ ತಾಯಿಯಾದರೂ ಕೂತು ಕೇಳಬಹುದು. ಕೇಳುವವರಿದ್ದರೆ ಮಗು ಓದುತ್ತದೆ.

ಕೊನೆಗೆ ಎರಡು ಮಾತು. ಶಾಲೆ ತೆರೆಯುವ ದಿನ ಮಗುವನ್ನು ಕೈಹಿಡಿದು ಕರೆದೊಯ್ಯಬೇಕಾದವನ ಪಾಳಿಯನ್ನು ಜತೆಗಾರರು ಹೊತ್ತುಕೊಳ್ಳೋಣ. ಒಗ್ಗಟ್ಟೆಂದರೆ ಮುಷ್ಕರದ ದಿನದ ಘೋಷಣೆ ಮಾತ್ರವಲ್ಲ. ಶಾಲೆ ತೆರೆದ ಮೇಲೂ ಯಾವ ಹೋಟೆಲಿನಲ್ಲಾದರೂ ಚಿಕ್ಕ ಹುಡುಗ ಲೋಟ ತೊಳೆಯುತ್ತಿದ್ದರೆ ಸಂಘಕ್ಕೆ ತಿಳಿಸಿ, ಇಲ್ಲವೇ 1098ಕ್ಕೆ ಫೋನು ಮಾಡಿ. ಅವನು ಯಾರ ಮಗನಾದರೂ ಆಗಲಿ. ನಮ್ಮನ್ನು ಅಂದು ಯಾರೂ ಕರೆಯಲಿಲ್ಲ. ಅವನನ್ನು ನಾವು ಕರೆಯೋಣ.