ಬಿಡುಗಡೆ ಮೊದಲು, ಆಜ್ಞೆ ಆಮೇಲೆ



ಕ್ರೈಸ್ತಧರ್ಮದಲ್ಲಿ ದೇವರ ಕೃಪೆಗೂ ಧರ್ಮಶಾಸ್ತ್ರಕ್ಕೂ ಏನು ಸಂಬಂಧ ಎಂದು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಾರ್ಟಿನ್ ಲೂಥರ್. ನಾನು ಅವನಿಗಿಂತ ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನ ಅಂತಿಯೋಕ್ಯದಿಂದ, ಅಲ್ಲಿನ ಒಂದು ಊಟದ ಪಂಕ್ತಿಯಿಂದ ಆರಂಭಿಸುತ್ತೇನೆ.

ಆ ಪಂಕ್ತಿಯಲ್ಲಿ ಯೆಹೂದ್ಯ ವಿಶ್ವಾಸಿಗಳೂ ಅನ್ಯಜನರಿಂದ ಬಂದ ವಿಶ್ವಾಸಿಗಳೂ ಕೂಡಿ ಉಣ್ಣುತ್ತಿದ್ದರು. ಪೇತ್ರನೂ ಅವರ ನಡುವೆ ಕೂತು ಉಂಡವನೇ. ಆದರೆ ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದಾಗ ಅಂಜಿ ಎದ್ದುಹೋದ. ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತಡೆದು ಪ್ರಶ್ನಿಸಿದ. ಮನುಷ್ಯ ನೀತಿವಂತನೆನಿಸುವುದು ಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂಬ ಪೌಲನ ಪ್ರಸಿದ್ಧ ವಾದ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಜಗಳದ ಬೆನ್ನಿಗೇ ಬರುತ್ತದೆ. ಅಂದರೆ ಕೃಪೆಯ ಸಿದ್ಧಾಂತ ಮೊದಲು ರೂಪುಗೊಂಡಿದ್ದು ಒಂಟಿ ಮನುಷ್ಯನ ಅಂತರಂಗದಲ್ಲಿ ಅಲ್ಲ, ಪಂಕ್ತಿಭೇದದ ಪ್ರಶ್ನೆಯಲ್ಲಿ. ಸುನ್ನತಿ ಇಲ್ಲದವನು ದೇವಜನರಲ್ಲಿ ಒಬ್ಬನಾಗಬಹುದೇ, ಅವನ ಜೊತೆ ರೊಟ್ಟಿ ಮುರಿಯಬಹುದೇ ಎಂಬುದೇ ಅಲ್ಲಿನ ವಿವಾದ. ಜಾತಿಗೊಂದು ಸ್ಮಶಾನ ಇಟ್ಟುಕೊಂಡ ಸಭೆಗಳು ಭಾರತದಲ್ಲಿ ಇರುವಾಗ, ಇದು ಹಳೆಯ ಪ್ರಶ್ನೆ ಎಂದು ನಾನು ಹೇಳಲಾರೆ.

ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಇದೇ ವಿವಾದ ಯೆರೂಸಲೇಮಿನ ಹಿರಿಯರ ಮುಂದೆ ಬರುತ್ತದೆ. ಅನ್ಯಜನರಿಗೆ ಸುನ್ನತಿಯ ಹೊರೆ ಬೇಡ ಎಂದು ತೀರ್ಮಾನವಾಗುತ್ತದೆ. ಆದರೆ ಆ ತೀರ್ಮಾನದೊಳಗೇ ನಾಲ್ಕು ನಿಯಮಗಳಿವೆ: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕತ್ತುಹಿಸುಕಿ ಕೊಂದ ಪ್ರಾಣಿಯ ಮಾಂಸ, ಅನೈತಿಕ ಲೈಂಗಿಕ ಸಂಬಂಧ, ಇವನ್ನು ಬಿಡಬೇಕು. ಕೃಪೆಯ ಪರವಾದ ತೀರ್ಪೇ ನಿಯಮಗಳನ್ನು ಹೊತ್ತು ಬಂದಿತ್ತು. ಕೃಪೆ ಬಂದರೆ ಶಾಸ್ತ್ರ ಹೋಗುತ್ತದೆ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಇನ್ನೂ ಹಿಂದಕ್ಕೆ ಹೋದರೆ ವಿಷಯ ಮತ್ತಷ್ಟು ತಿಳಿಯಾಗುತ್ತದೆ. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಹೊರಬಂದು ಸಮುದ್ರ ದಾಟುವುದು 14ನೆಯ ಅಧ್ಯಾಯದಲ್ಲಿ. ಸೀನಾಯಿ ಬೆಟ್ಟದ ದಶಾಜ್ಞೆಗಳು ಬರುವುದು 20ನೆಯ ಅಧ್ಯಾಯದಲ್ಲಿ. ಆಜ್ಞೆಗಳನ್ನು ಪಾಲಿಸಿ ಅವರು ಬಿಡುಗಡೆ ಗಳಿಸಲಿಲ್ಲ. ಬಿಡುಗಡೆ ಪಡೆದವರಿಗೆ ಆಜ್ಞೆಗಳು ದೊರೆತವು. ಈ ಅನುಕ್ರಮದಲ್ಲೇ ನನ್ನ ವಾದದ ಬೇರಿದೆ: ಶಾಸ್ತ್ರ ಕೃಪೆಯ ಎದುರಾಳಿಯಲ್ಲ, ಕೃಪೆ ಪಡೆದವರ ಬದುಕಿನ ಆಕಾರ.

ಇನ್ನು ಲೂಥರ್. ಉಪವಾಸ, ಜಾಗರಣೆ, ಪಾಪನಿವೇದನೆಗಳಲ್ಲಿ ಬಳಲಿಯೂ ದೇವರು ತನ್ನನ್ನು ಒಪ್ಪಿದನೇ ಎಂದು ತಿಳಿಯದೆ ನರಳಿದ ಸನ್ಯಾಸಿ ಆತ. ಆ ನೋವು ನಿಜ, ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನಿಗೆ ಸಿಕ್ಕ ಸಾಂತ್ವನವೂ ನಿಜ. ಆದರೆ ಅದು ಪೌಲನ ನೋವಾಗಿರಲಿಲ್ಲ ಎಂದು ಸ್ವತಃ ಲೂಥರನ್ ಪರಂಪರೆಯವರಾದ ಬೈಬಲ್ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್ 1963ರ ಲೇಖನದಲ್ಲಿ ವಾದಿಸಿದರು. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲ, ಶಾಸ್ತ್ರದ ಮಟ್ಟಿಗೆ ತಾನು ನಿರ್ದೋಷಿಯಾಗಿದ್ದೆ ಎಂದೇ ಹೇಳಿಕೊಳ್ಳುತ್ತಾನೆ. ಲೂಥರನೂ ಶಾಸ್ತ್ರವನ್ನು ಬಿಸಾಡಿದವನಲ್ಲ. 1529ರ ಅವನ ಕಿರು ಧರ್ಮಬೋಧೆ ಆರಂಭವಾಗುವುದು ದಶಾಜ್ಞೆಗಳಿಂದಲೇ. ವಿಶ್ವಾಸಿಗೆ ಆಜ್ಞೆಗಳ ಬೋಧನೆ ಬೇಡ ಎಂದ ತನ್ನ ಶಿಷ್ಯ ಯೊಹಾನ್ ಅಗ್ರಿಕೋಲನನ್ನು ಅವನು ಕಟುವಾಗಿ ಖಂಡಿಸಿದ.

ಆದರೂ ‘ಯೆಹೂದ್ಯರದು ಶಾಸ್ತ್ರ, ನಮ್ಮದು ಕೃಪೆ’ ಎಂಬ ಸುಲಭ ವಿಂಗಡಣೆ ಬೇರೂರಿತು. ಇದು ವಿದ್ವತ್ತಿನ ತಪ್ಪಷ್ಟೇ ಅಲ್ಲ. 1543ರಲ್ಲಿ ಲೂಥರ್ ಯೆಹೂದ್ಯರ ವಿರುದ್ಧ ಬರೆದ ಪುಸ್ತಕ ಅವರ ಪ್ರಾರ್ಥನಾ ಮಂದಿರಗಳನ್ನು ಸುಡಲು ಹೇಳಿತು. ಇಪ್ಪತ್ತನೆಯ ಶತಮಾನದಲ್ಲಿ ನಾಜಿಗಳು ಅದನ್ನು ಮತ್ತೆ ಬಳಸಿಕೊಂಡರು. ಆ ವಿಂಗಡಣೆ ನಿಲ್ಲದು ಎಂಬುದಕ್ಕೆ ಆಧಾರ ಒದಗಿಸಿದವರು ಬೈಬಲ್ ವಿದ್ವಾಂಸ ಇ. ಪಿ. ಸ್ಯಾಂಡರ್ಸ್. ಅವರು 1977ರಲ್ಲಿ ಪೌಲನ ಕಾಲದ ಯೆಹೂದ್ಯ ಬರಹಗಳನ್ನು ವಿಸ್ತಾರವಾಗಿ ಪರಿಶೀಲಿಸಿ ತೋರಿಸಿದ್ದು ಇದು: ಆ ಜನ ದೇವರ ಒಡಂಬಡಿಕೆಗೆ ಸೇರಿದ್ದು ಆತನ ಕರುಣೆಯಿಂದ, ಶಾಸ್ತ್ರವನ್ನು ಪಾಲಿಸಿದ್ದು ಅದರೊಳಗೆ ಉಳಿಯಲು. ಸ್ಯಾಂಡರ್ಸ್ ಅವರ ಎಲ್ಲ ನಿರ್ಣಯಗಳನ್ನೂ ಒಪ್ಪಬೇಕಿಲ್ಲ. ಅವರ ಕೃತಿ ಬಂದೇ ಇಲ್ಲ ಎಂಬಂತೆ ಬರೆಯುವುದಕ್ಕೆ ಮಾತ್ರ ಈಗ ಕ್ಷಮೆಯಿಲ್ಲ.

ಕೃಪೆಯ ಕುರಿತು ಕ್ರೈಸ್ತ ಸಭೆಗಳ ನಡುವೆ ಇದ್ದ ಜಗಳವೂ ಕರಗುತ್ತಿದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಪುಣ್ಯದಿಂದಲ್ಲ, ಆ ಕೃಪೆ ನಮ್ಮನ್ನು ಸತ್ಕಾರ್ಯಕ್ಕೆ ಕರೆಯುತ್ತದೆ. 2006ರಲ್ಲಿ ಮೆಥಡಿಸ್ಟರೂ ಇದಕ್ಕೆ ದನಿಗೂಡಿಸಿದರು.

ಇಲ್ಲಿ ಪ್ರಬಂಧ ಮಂಡಿಸಲು ಬಂದಿರುವ ವಿದ್ವಾಂಸ ಮಿತ್ರರಲ್ಲಿ ನನ್ನದೊಂದೇ ವಿನಂತಿ. ಕೃಪೆಯ ಹಿರಿಮೆ ತೋರಿಸಲು ಯೆಹೂದ್ಯರನ್ನು ಕೆಳಗಿಳಿಸಬೇಡಿ. ಗಲಾತ್ಯ ಪತ್ರವನ್ನು ಚರ್ಚಿಸುವವರು ವಿಮೋಚನಕಾಂಡವನ್ನೂ ಮೇಜಿನ ಮೇಲೆ ತೆರೆದಿಡಿ, ಎರಡನ್ನೂ ಒಟ್ಟಿಗೆ ಓದಿ ಮಾತನಾಡಿ.